ತೂಕ ಏರದ ರತ್ನಾ

ಎಂಬತ್ತೆಂಟನೇ ಇಸವಿ ಇರಬೇಕು. ಚಿಕ್ಕೋಡಿ ತಾಲೂಕಿನ ಕರೋಶಿಯಲ್ಲಿ ನಾನು ಅಂಗನವಾಡಿ ಕಾರ್ಯಕರ್ತೆಯಾಗಿ ಸೇರಿ ಎರಡು ವರ್ಷವಾಗಿತ್ತು. ಹಂಚಿನ ಒಂದೇ ಕೋಣೆ, ತೊಲೆಗೆ ನೇತು ಹಾಕಿದ ತಕ್ಕಡಿ. ಅದರಲ್ಲಿ ತೂಗುವಾಗ ಮಕ್ಕಳು ಕಿಲಕಿಲ ನಗುತ್ತಿದ್ದದ್ದು ಇನ್ನೂ ಕಿವಿಯಲ್ಲಿದೆ. ಬಡಕಲು ಮಕ್ಕಳಿಗೆ ಉಣಿಸಿ ತೂಕ ಏರಿಸುತ್ತಾಳೆಂದು ಊರಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಆ ಹೆಸರು ನನ್ನ ತಲೆಗೂ ಏರಿತ್ತು.

ಹೊಲದ ಕೂಲಿಗೆ ಹೋಗುತ್ತಿದ್ದ ಸುಶೀಲಾಳ ಮಗಳು ರತ್ನಾಗೆ ಐದು ವರ್ಷ. ಹಾಡು ಹೇಳಲು ಎಲ್ಲರಿಗಿಂತ ಮೊದಲು ಎದ್ದು ನಿಲ್ಲುವವಳು. ಆ ಚಳಿಗಾಲದಲ್ಲಿ ಅವಳು ಸೊರಗತೊಡಗಿದಳು. ಎರಡು ಪಾಲು ಉಂಡರೂ ಹಸಿವು. ನೀರಿನ ಕೊಡದ ಹತ್ತಿರದಿಂದ ಕದಲುತ್ತಲೇ ಇರಲಿಲ್ಲ.

"ಡಾಕ್ಟರಿಗೆ ತೋರಸ್ಲೇನ್ರಿ ಅಕ್ಕೋರ?" ಎಂದು ಸುಶೀಲಾ ಕೇಳಿದಳು.

"ಡಾಕ್ಟರ್ ಯಾಕವಾ? ಹೊಟ್ಟಿಗಿ ಸಾಲವಲ್ದು, ಅಷ್ಟ. ಒಂದ್ ತಿಂಗಳ ನನಗ ಬಿಡು," ಎಂದೆ.

ಮನೆಯಿಂದ ಬೆಲ್ಲ ತಂದು, ಶೇಂಗಾ ಕುಟ್ಟಿ, ಉಂಡಿ ಕಟ್ಟಿ ದಿನಾ ನನ್ನ ಕೈಯಾರೆ ತಿನ್ನಿಸಿದೆ. ಎರಡು ವಾರ ಬಿಟ್ಟು ತೂಗಿದರೆ ಮೊದಲಿಗಿಂತ ಒಂದು ಕಿಲೊ ಕಡಿಮೆ. ತಕ್ಕಡಿ ಕೆಟ್ಟಿರಬೇಕೆಂದು ಬೇರೆ ಮಗುವನ್ನು ತೂಗಿ ನೋಡಿದೆ. ತಕ್ಕಡಿ ಸರಿಯಾಗಿತ್ತು.

ಮರುದಿನ ರತ್ನಾ ಬರಲಿಲ್ಲ. ಮನೆಗೆ ಹೋದೆ. ಗೋಡೆಗೆ ಒರಗಿ ತೂಕಡಿಸುತ್ತಿದ್ದಳು. ಎರಡು ಸಲ ವಾಂತಿಯಾಗಿತ್ತಂತೆ. ಕೂತಲ್ಲೇ ಕೂತಿದ್ದರೂ ಓಡಿ ಬಂದವಳ ಹಾಗೆ ಏದುಸಿರು.

ಸುಶೀಲಾ ಅಂಜುತ್ತ ಹೇಳಿದಳು: "ನಗಬ್ಯಾಡ್ರಿ ಅಕ್ಕೋರ. ಈಕಿ ಉಚ್ಚಿ ಹೊಯ್ದಲ್ಲೆ ಇರಬಿ ಮುಕರಾಕತ್ತಾವು."

ನಮ್ಮ ಸೋದರಮಾವನಿಗೆ ಸಕ್ಕರೆ ಕಾಯಿಲೆ ಇದ್ದದ್ದರಿಂದ ಮೂತ್ರಕ್ಕೆ ಇರುವೆ ಮುತ್ತಿದರೆ ಏನರ್ಥವೆಂದು ನನಗೆ ಗೊತ್ತಿತ್ತು. ಸಣ್ಣ ಮಕ್ಕಳಿಗೂ ಅದು ಬರುತ್ತದೆಂದು ಮಾತ್ರ ಗೊತ್ತಿರಲಿಲ್ಲ.

"ಇದು ನನ್ನ ಕೈಯಾಗಿಂದಲ್ಲ. ಏಳು, ಚಿಕ್ಕೋಡಿಗೆ ಹೋಗೂಣು," ಎಂದೆ.

ಸಿಕ್ಕ ಟೆಂಪೊ ಹತ್ತಿದೆವು. ನನ್ನ ತೊಡೆಯ ಮೇಲಿದ್ದ ಮಗು ಕಣ್ಣು ಮುಚ್ಚಿದಾಗಲೆಲ್ಲ ಹೆಸರು ಹಿಡಿದು ಕೂಗುತ್ತಿದ್ದೆ. ಅಲ್ಲಿಯ ಆಸ್ಪತ್ರೆಯ ವಯಸ್ಸಾದ ಡಾಕ್ಟರು ಮೂತ್ರ ಪರೀಕ್ಷೆ ಮಾಡಿ, ಸಕ್ಕರೆ ಕಾಯಿಲೆಯೇ ಎಂದು ಹೇಳಿ, ಸಲೈನ್ ಹಚ್ಚಿ, ಗಾಡಿ ಮಾಡಿಸಿ ಬೆಳಗಾವಿಗೆ ಕಳಿಸಿದರು. ನಾನು ಉಂಡಿ ತಿನ್ನಿಸಿದ್ದನ್ನೆಲ್ಲ ಒಪ್ಪಿಕೊಂಡೆ. ಆ ಹಿರಿಯರು ಬೈಯಲಿಲ್ಲ.

"ಉಣಸಿದ್ರೂ ಕೂಸು ಇಳ್ಯಾಕತ್ತೇತಿ ಅಂದ್ರ ಅವತ್ತ ಕಳಸಬೇಕಿತ್ರಿ. ಇನ್ನೊಂದ್ ದಿನ ತಡದಿದ್ರ ಉಳೀತಿದ್ದಿಲ್ಲ," ಎಂದಷ್ಟೇ ಹೇಳಿದರು.

ಮೂರು ವಾರದ ಮೇಲೆ ರತ್ನಾ ಮರಳಿ ಬಂದಳು. ದಿನಕ್ಕೆರಡು ಸಲ ಇನ್ಸುಲಿನ್ ಸೂಜಿ. ಅದನ್ನು ಊರಿನ ನರ್ಸಬಾಯಿ ಮಾಡುತ್ತಿದ್ದರು. ಡಾಕ್ಟರು ಬರೆದುಕೊಟ್ಟ ಚೀಟಿ ಓದಿ, ಎಷ್ಟು ರೊಟ್ಟಿ, ಎಷ್ಟು ಪಲ್ಯ ಎಂದು ಸುಶೀಲಾಗೆ ತಿಳಿಸುವುದು ನನ್ನ ಕೆಲಸ. ಜೂನ್‌ನಲ್ಲಿ ರತ್ನಾ ಎರಡು ಜಡೆ ಹಾಕಿಕೊಂಡು ಕನ್ನಡ ಸಾಲೆಗೆ ಹೊರಟಾಗ ಅಂಗನವಾಡಿಯ ಬಾಗಿಲಲ್ಲಿ ನಿಂತು, "ಹೋಗಿ ಬರ್ತೀನ್ರಿ ಅಕ್ಕೋರ" ಎಂದಳು.

ಆಮೇಲೆ ಎಷ್ಟೋ ತಾಯಂದಿರನ್ನು ಡಾಕ್ಟರ ಬಳಿ ಕಳಿಸಿದ್ದೇನೆ. "ನಿಮಗ ತಿಳಿಯೂದಿಲ್ಲೇನ್ರಿ?" ಎಂದು ಅವರು ಕೇಳುತ್ತಿದ್ದರು. "ಇಲ್ಲವಾ, ತಿಳಿಯೂದಿಲ್ಲ" ಎನ್ನುತ್ತಿದ್ದೆ. ಹಾಗೆ ಹೇಳಲು ಮೊದಮೊದಲು ನಾಚಿಕೆಯಾಗುತ್ತಿತ್ತು. ಬರಬರುತ್ತ ಆ ಮಾತು ಹೇಳಿದ ದಿನವೇ ನನಗೆ ನೆಮ್ಮದಿಯ ನಿದ್ದೆ ಬರುತ್ತಿತ್ತು.