ಪವರ್ ಸಪ್ಲೈಗೆ ಟೈಪ್ ಮಾಡಿ ಹೇಳುತ್ತಿದ್ದ ಸರ್

ಕಳೆದ ವಾರ ವರ್ಷದ ಖಾರಪುಡಿಗೆಂದು ಮೆಣಸಿನಕಾಯಿ ತರಲು ಬ್ಯಾಡಗಿಗೆ ಹೋಗಿದ್ದೆ. ವಾಪಸ್ಸು ಬರುವಾಗ ಸ್ಟೇಷನ್ನಿನ ಹೊರಗೆ ಚಹಾ ಕುಡಿಯಲು ನಿಂತೆ. ಪಕ್ಕದಲ್ಲಿದ್ದ ಹಿರಿಯರೊಬ್ಬರಿಗೆ ಅಂಗಡಿಯವನು ಕೇಳದೆಯೇ ದೊಡ್ಡ ಸ್ಟೀಲ್ ಲೋಟದಲ್ಲಿ ಅರ್ಧ ಮಾತ್ರ ಚಹಾ ಹಾಕಿ ಕೊಟ್ಟ. ಅವರು ಎರಡೂ ಕೈಯಿಂದ ಹಿಡಿದರು. ಚಹಾ ಲೋಟದೊಳಗೇ ತುಳುಕಾಡಿತು, ಹೊರಗೆ ಚೆಲ್ಲಲಿಲ್ಲ. ನನ್ನ ಚಹಾ ಅಲ್ಲೇ ಆರಿಹೋಯಿತು...

ಹಾವೇರಿಯ ಡಿಪ್ಲೊಮಾ ಕಾಲೇಜೊಂದರ ಎಲೆಕ್ಟ್ರಾನಿಕ್ಸ್ ಲ್ಯಾಬಿಗೆ ನಾನು ಸಹಾಯಕಿಯಾಗಿ ಸೇರಿದಾಗ ಅಲ್ಲಿ ಕಲಿಸುತ್ತಿದ್ದ ಸರ್ ಈ ಬ್ಯಾಡಗಿಯವರೇ. ರಾಣೆಬೆನ್ನೂರಿನಿಂದ ನಾನು ಬರುತ್ತಿದ್ದ ರೈಲಿಗೆ ಇಲ್ಲಿ ಹತ್ತುತ್ತಿದ್ದರು. ಅವರ ಅಂಗಿಯ ಮೆಣಸಿನ ಘಾಟಿಗೆ ಯಾರಾದರೂ ಸೀನಿದರೆ, "ನಮ್ಮೂರ ಅತ್ತರ್ ರೀ ಇದು, ಪುಕ್ಕಟೆ ತಗೋರಿ" ಎಂದು ನಗುತ್ತಿದ್ದರು.

ಕೆಲವು ವರ್ಷಗಳ ಮೇಲೆ ಅವರ ಕೈ ನಡುಗತೊಡಗಿತು. ಹುಬ್ಬಳ್ಳಿಯಲ್ಲಿ ತೋರಿಸಿದರು, ಗುಳಿಗೆ ನುಂಗಿದರು. ನಡುಕ ಹೆಚ್ಚುತ್ತಲೇ ಹೋಯಿತು. ನಾನೂ ಅವರಿಗೆ ಅರ್ಧ ಲೋಟ ಚಹಾ ಕೊಡತೊಡಗಿದೆ.

ಲ್ಯಾಬಿನಲ್ಲಿ ಕೈ ಸ್ಥಿರವಾಗಿರಬೇಕು. ಪವರ್ ಸಪ್ಲೈ ಅಂದರೆ ಬೇಕಾದಷ್ಟೇ ವೋಲ್ಟೇಜನ್ನು ಅಳೆದು ಕೊಡುವ ಪೆಟ್ಟಿಗೆ. ಅದರ ಗುಂಡಿಯನ್ನು ಕೂದಲೆಳೆಯಷ್ಟು ತಿರುವಿದರೂ ಅಂಕಿ ಜಿಗಿಯುತ್ತದೆ. ಸರ್ ತಿರುವಿದರೆ ಅಂಕಿ ಒಂದೆಡೆ ನಿಲ್ಲುತ್ತಲೇ ಇರಲಿಲ್ಲ. ಅವರನ್ನು ಸ್ಟೋರಿಗೆ ಕಳಿಸುತ್ತಾರಂತೆ ಎಂಬ ಮಾತು ಹಬ್ಬಿತು.

"ಹಾಳಿ, ಪೆನ್ನು ಹಂಚಕೋತ ಕುಂದ್ರಾಕ ಹುಟ್ಟೇನೇನ ತಂಗಿ ನಾ?" ಅಂದರು ಒಂದು ದಿನ ರೈಲಿನಲ್ಲಿ. ಅವರಿಗೆ ಇದ್ದ ಭಯ ಅದೊಂದೇ.

ಹೊಸದಾಗಿ ಬಂದಿದ್ದ ಪವರ್ ಸಪ್ಲೈಯನ್ನು ಕಂಪ್ಯೂಟರಿಗೆ ಜೋಡಿಸಿ, ಗುಂಡಿ ಮುಟ್ಟದೆ ಟೈಪ್ ಮಾಡಿಯೂ ನಡೆಸಬಹುದು ಎಂದು ಅದರ ಜೊತೆಗಿದ್ದ ಪುಸ್ತಕದಲ್ಲಿತ್ತು. ಯಾರೂ ಆ ಗೋಜಿಗೆ ಹೋಗಿರಲಿಲ್ಲ. ಸರ್ ರೈಲಿನಲ್ಲಿ ಅದನ್ನೇ ಓದಿದರು. ಒಂದು ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಕೂತು, ಒಂದೇ ಬೆರಳಿನಿಂದ ಯಂತ್ರಕ್ಕೆ 'ನೀನು ಯಾರು' ಎಂದು ಕೇಳುವ ಕಮಾಂಡ್ ಬರೆದರು. ಪರದೆಯ ಮೇಲೆ ಅದರ ಹೆಸರು ಮೂಡಿತು. ಹುಡುಗರು ಹೋ ಅಂದರು.

"ಮನಿಗೆ ಬಂದವ್ರನ್ನ ಯಾರು ಅಂತ ಕೇಳಲಾರದ ಚಾ ಕೊಡ್ತೇವೇನ್ರೋ?" ಅಂದರು ಸರ್.

ಮೊದಲು ಕರೆಂಟ್ ಇಷ್ಟನ್ನು ಮೀರಬಾರದು ಎಂಬ ಕಮಾಂಡ್, ಆಮೇಲೆ ವೋಲ್ಟೇಜ್ ಐದು, ಕೊನೆಗೆ ಔಟ್‌ಪುಟ್ ಆನ್. ಪೆಟ್ಟಿಗೆಯ ಮೇಲೆ ಐದು ಅಲುಗದೆ ನಿಂತಿತು. ಸರ್ ಅದನ್ನೇ ಬಹಳ ಹೊತ್ತು ನೋಡಿದರು. ನನಗಷ್ಟೇ ಕೇಳುವ ಹಾಗೆ ಅಂದರು, "ನೋಡ ತಂಗಿ, ನಡಗವಲ್ದು."

ಎರಡು ವರ್ಷ ಹಾಗೇ ನಡೆಯಿತು. ಆದರೆ ಬೆರಳೂ ಸೋಲತೊಡಗಿತ್ತು. ಒಂದು ಕೀ ಒತ್ತಲು ಹೋದರೆ ಎರಡು ಸಲ ಬೀಳುತ್ತಿತ್ತು. ಒಂದು ಮಧ್ಯಾಹ್ನ ವಿದ್ಯಾರ್ಥಿಯೊಬ್ಬನ ಪ್ರಾಜೆಕ್ಟ್ ಬೋರ್ಡಿಗೆ ಒಂದೂವರೆ ವೋಲ್ಟ್ ಕೊಡಬೇಕಿತ್ತು. ಒಂದರ ಕೀ ಎರಡು ಸಲ ಬಿದ್ದು 1.5ರ ಬದಲು 11.5 ಹೋಯಿತು. ಚಟ್ ಎಂದಿತು, ಸುಟ್ಟ ವಾಸನೆ ಎದ್ದಿತು.

"ಸರ, ನಮ್ಮ ಬೋರ್ಡನ್ನ ಬ್ಯಾಡಗಿ ಮೆಣಸಿನಕಾಯಿ ಮಾಡಿಬಿಟ್ರಲ್ರೀ!" ಅಂದ ಹುಡುಗ. ಬಯ್ಯುವ ದನಿಯಲ್ಲ, ಸರ್‌ಗೆ ನೋವಾಗದಿರಲಿ ಎಂಬ ದನಿ.

"ಬ್ಯಾಡಗೀದು ಬಣ್ಣ ಅಷ್ಟಲೇ, ಖಾರ ಇರೂದಿಲ್ಲ" ಎಂದು ಸರ್ ಎಲ್ಲರ ಜೊತೆ ನಕ್ಕರು. ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡರು.

ಸಂಜೆ ರೈಲಿನಲ್ಲಿ ನಾನೇ ಮಾತು ತೆಗೆದೆ. "ನೀವು ಬಾಯಿಲೆ ಹೇಳ್ರಿ ಸರ, ನಾ ಒತ್ತತೇನಿ."

"ಒತ್ತತಿ, ಗೊತ್ತೈತಿ. ನೀ ಇಲ್ಲದ ದಿನ ನಾನ ಒತ್ತಾಕ ಹೋಗತೇನಲ್ಲ, ನನ್ನ ಚಟಾ ನಂಗ ಗೊತ್ತಿಲ್ಲೇನು? ಇವತ್ತ ಬೋರ್ಡ್ ಹೋತು. ನಾಳೆ ಏನರ ಸಿಡದು ಹುಡುಗರ ಕಣ್ಣಿಗೆ ಬಡದ್ರ?"

ಮರುದಿನ ತಾವೇ ಪ್ರಿನ್ಸಿಪಾಲರ ಕೋಣೆಗೆ ಹೋಗಿ ಸ್ಟೋರನ್ನು ಕೇಳಿಕೊಂಡರು. ಮುಂದೆ ಲ್ಯಾಬಿನ ಕಾರಿಡಾರಿಗೆ ಅವರು ಬಂದದ್ದು ನಾನು ನೋಡಲಿಲ್ಲ. ಸುತ್ತು ಹಾಕಿ ಹಿಂದಿನ ಬಾಗಿಲಿನಿಂದ ಸ್ಟೋರಿಗೆ ಹೋಗುತ್ತಿದ್ದರು... ರೈಲಿನಲ್ಲಿ ಮಾತ್ರ ಮಾತಾಡುತ್ತಿದ್ದರು, ಮಳೆ, ಮಾರ್ಕೆಟ್ಟು, ನನ್ನ ಮಗಳ ಓದು. ಲ್ಯಾಬಿನ ಸುದ್ದಿ ಬಿಟ್ಟು. ನಿವೃತ್ತಿಗೆ ಮುಂಚೆಯೇ ತೀರಿಕೊಂಡರು.

ಚಹಾ ಅಂಗಡಿಯ ಮುಂದೆ ಅಷ್ಟು ಹೊತ್ತು ನಿಂತದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಅದರ ಹಿಂದಿನ ದಿನ ಕೊನೆಯ ವರ್ಷದ ಹುಡುಗಿಯೊಬ್ಬಳು ನನ್ನನ್ನು ಕಂಪ್ಯೂಟರಿನ ಹತ್ತಿರ ಕರೆದಿದ್ದಳು.

"ಅಕ್ಕಾರ, ಒಂದೊಂದ ಕಮಾಂಡ್ ಯಾರ ಟೈಪ್ ಮಾಡ್ತಾರ್ರೀ? ಎಲ್ಲಾ ಒಂದ ಫೈಲಿನ್ಯಾಗ ಬರದಿಟ್ಟೇನಿ. ಒಂದ ಕೀ ಒತ್ತಿದ್ರ ತಾನ ಹೋಗತಾವು. ಎರಡ ಸಲ ಒತ್ತಿದ್ರೂ ಏನೂ ಆಗೂದಿಲ್ಲ. ವೋಲ್ಟೇಜ್ ಹೆಚ್ಚಾಗದಂಗ ಕಟ್ಟೂ ಹಾಕೇನಿ."

"ಹೊಸಾ ಮಷಿನ್ನಿಗೆ ಅಷ್ಟ ಆಗತೈತೇನವಾ ಇದು?" ಅಂದೆ.

"ಇದು ಹಳೇದ ಐತಲ್ರೀ, ಮೊದಲಿಂದನೂ ಇದ್ದದ್ದು. ಆವಾಗನೂ ಆಗತಿತ್ತರೀ."

ಸರ್ ಟೈಪ್ ಮಾಡಿ ನಡೆಸುತ್ತಿದ್ದ ಪೆಟ್ಟಿಗೆಯೇ ಅದು. ಆವಾಗ ನಮಗೆ ಯಾರಿಗೂ ಗೊತ್ತಿರಲಿಲ್ಲ. ಸರ್‌ಗೂ.

"ಒತ್ತರೀ ಅಕ್ಕಾರ" ಎಂದು ಹುಡುಗಿ ಕೀಬೋರ್ಡನ್ನು ನನ್ನ ಕಡೆ ಸರಿಸಿದಳು. ನನಗೆ ಆಗಲಿಲ್ಲ. "ನೀನ ಒತ್ತವಾ" ಎಂದು ಹೇಳಿ, ವೈರುಗಳನ್ನು ಸುತ್ತಿಡುವ ನೆಪದಲ್ಲಿ ಅತ್ತ ತಿರುಗಿದೆ.