ಕೂಗದವರ ಮನೆಯ ಏಣಿ

ಪೇಂಟಿಂಗ್ ಮೇಸ್ತ್ರಿಯ ಹತ್ತಿರ ಏಣಿಗಳು ಒಂಬತ್ತು, ಆಳುಗಳು ಮೂವರು. ಅವನ ವ್ಯಾಪಾರದ ಗುಟ್ಟೆಲ್ಲ ಇಷ್ಟರಲ್ಲೇ ಇತ್ತು. ಯಾರಾದರೂ ಮನೆಗೆ ಬಣ್ಣ ಹೊಡೆಸಬೇಕು ಎಂದರೆ ಸಾಕು, ಅದೇ ಸಂಜೆಯೊಳಗೆ ಅವರ ಗೋಡೆಗೆ ಒಂದು ಏಣಿ ಒರಗಿ ನಿಂತಿರುತ್ತಿತ್ತು. ಏಣಿ ಬಂತೆಂದರೆ ಕೆಲಸ ಬಂದಂತೆಯೇ ಎಂದು ಮನೆಯವರ ನಂಬಿಕೆ. ಇನ್ನೊಬ್ಬ ಮೇಸ್ತ್ರಿಯನ್ನು ಕರೆಯಲು ಮುಜುಗರ. ಆಮೇಲೆ ದಿನಕ್ಕೊಂದು ಫೋನು, ಫೋನಿಗೊಂದು ‘ನಾಳೆ’. ಒಂದು ಅಂಗಳದಲ್ಲಿ ಏಣಿ ಎಷ್ಟು ದಿನ ನಿಂತಿತ್ತೆಂದರೆ, ಅದು ಬೇರು ಬಿಟ್ಟು ಚಿಗುರಿತಂತೆ, ಮನೆಯವರು ಅದರ ನೆರಳಲ್ಲಿ ಕೂತು ಹರಟಿದರಂತೆ. ಚಿಗುರಿದ್ದು ಸುಳ್ಳಿರಬಹುದು, ಹರಟಿದ್ದು ನಿಜ.

ಊರಿಗೆಲ್ಲ ಅವನು ‘ನಾಳೆ ಮೇಸ್ತ್ರಿ’. ಹೆಂಡತಿಯೂ ಬಿಡುತ್ತಿರಲಿಲ್ಲ. “ನೀವು ಹೇಳಿರೋ ನಾಳೆಗಳನ್ನೆಲ್ಲ ಒಟ್ಟು ಹಾಕಿದ್ರೆ ಕ್ಯಾಲೆಂಡರಿಗೆ ಇನ್ನೂ ನಾಲ್ಕು ತಿಂಗಳು ಸೇರಿಸಬಹುದು ಕಣ್ರೀ.”

“ಸೇರಿಸೇ ಮಾರಾಯ್ತಿ, ನನಗೂ ಒಂಚೂರು ಟೈಮ್ ಸಿಗುತ್ತೆ.”

ಮನುಷ್ಯ ಕೆಟ್ಟವನಲ್ಲ. ‘ಆಗಲ್ಲ’ ಎಂಬ ಮೂರಕ್ಷರ ಮಾತ್ರ ಅವನ ಗಂಟಲು ದಾಟುತ್ತಿರಲಿಲ್ಲ. ಮೂವರು ಆಳುಗಳನ್ನು ಒಂಬತ್ತು ಮನೆಗೆ ಹಂಚುವುದಕ್ಕೆ ಅವನಿಗೆ ಗೊತ್ತಿದ್ದದ್ದು ಒಂದೇ ಪದ್ಧತಿ: ಯಾರು ಜೋರಾಗಿ ಕೂಗುತ್ತಾರೋ ಅವರ ಮನೆಗೆ ಆಳು. ಬ್ಯಾಂಕಿನ ಸಾಹೇಬರು ಫೋನಿನಲ್ಲಿ ಕೂಗಿದರೆ ಮೇಸ್ತ್ರಿಯ ಅಂಗಿಯ ಗುಂಡಿ ಕಿತ್ತು ಎದುರುಮನೆ ಕಿಟಕಿಗೆ ಬಡಿಯುತ್ತಿತ್ತು. ಹಾಗಾಗಿ ಅಲ್ಲಿಗೆ ಮೂವರೂ.

ಟೈಲರ್ ಅಕ್ಕ ಕೂಗುವವಳಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಇಪ್ಪತ್ತು ವರ್ಷದಿಂದ ಬೀದಿಗೆಲ್ಲ ಬಟ್ಟೆ ಹೊಲಿಯುತ್ತಿದ್ದಳು. ಗುರುವಾರ ಎಂದರೆ ಗುರುವಾರ ಬಟ್ಟೆ ಸಿದ್ಧ. ಮೇಸ್ತ್ರಿಯನ್ನು ಕರೆಸಿ ಅವಳು ಮೆಲ್ಲಗೆ ಹೇಳಿದ್ದಳು:

“ಯಜಮಾನರಿಗೆ ಶ್ವಾಸಕೋಶದ ಆಪರೇಷನ್ ಆಗಿದೆ ಮೇಸ್ತ್ರಿ. ಇನ್ನು ಹನ್ನೆರಡು ದಿನಕ್ಕೆ ಮನೆಗೆ ಕಳಿಸ್ತಾರೆ. ಮಲಗೋ ಕೋಣೆ ಗೋಡೆ ಪೂರ್ತಿ ಬೂಷ್ಟು. ಬೂಷ್ಟೂ ಇರಬಾರದು, ಪೇಂಟಿನ ವಾಸನೇನೂ ಇರಬಾರದು ಅಂದಿದ್ದಾರೆ ಡಾಕ್ಟರು. ಈಗಲೇ ಹೊಡೆದ್ರೆ ವಾಸನೆ ಹೋಗೋಕೆ ಒಂದು ವಾರ ಸಿಗುತ್ತೆ. ಆಗಲ್ಲ ಅಂದ್ರೆ ಹೇಳ್ಬಿಡಿ, ಬೇರೆಯವರನ್ನ ಕೇಳ್ತೀನಿ.”

“ಎರಡು ದಿನದ ಕೆಲಸ ಅಕ್ಕಾ! ಭಾವ ಬಂದು ಆ ಗೋಡೆಯಲ್ಲಿ ಮುಖ ನೋಡ್ಕೊಂಡು ಕ್ಷೌರ ಮಾಡ್ಕೋಬೇಕು, ಹಾಗೆ ಮಾಡ್ಕೊಡ್ತೀನಿ.”

ಮರುದಿನ ಬೆಳಿಗ್ಗೆ ಏಣಿಯೂ ಬಂತು, ಆಳುಗಳೂ ಬಂದರು. ಮಧ್ಯಾಹ್ನದೊಳಗೆ ಎರಡು ಗೋಡೆ ಗಾರೆ ಕಾಣುವಂತೆ ಕೆರೆದರು. ಅಷ್ಟರಲ್ಲಿ ಸಾಹೇಬರು ಕೂಗಿದರು. ಆಳುಗಳು ಊಟಕ್ಕೆಂದು ಹೋದವರು ಮತ್ತೆ ಬರಲಿಲ್ಲ. ಕೋಣೆಯಲ್ಲಿ ಉಳಿದದ್ದು ಏಣಿ ಮತ್ತು ಮೊಣಕಾಲುದ್ದ ಧೂಳು. ಅಕ್ಕ ಮೂರು ಸಲ ಫೋನ್ ಮಾಡಿದಳು. ಮೂರು ‘ನಾಳೆ’ ಸಿಕ್ಕವು. ನಾಲ್ಕನೆಯ ಸಲ ಮಾಡಲಿಲ್ಲ. ‘ಒಳ್ಳೇ ಹೆಂಗಸು, ಗಲಾಟೆ ಇಲ್ಲ’ ಎಂದುಕೊಂಡು ಮೇಸ್ತ್ರಿ ಮರೆತ.

ಇಪ್ಪತ್ತನೆಯ ದಿನ ಅವನಿಗೆ ನೆನಪಾಯಿತು. ಅಕ್ಕ ಅಲ್ಲ, ಏಣಿ. ಹೊಸದೊಂದು ಮನೆ ಸಿಕ್ಕಿತ್ತು, ನಿಲ್ಲಿಸಲು ಏಣಿ ಸಾಲದು.

ಹೋಗಿ ನೋಡಿದರೆ ಏಣಿ ಮುಂದಿನ ಕೋಣೆಗೆ ಬಂದಿತ್ತು. ಮೆಟ್ಟಿಲು ಮೆಟ್ಟಿಲಿಗೂ ಬಟ್ಟೆ ನೇತಾಡುತ್ತಿತ್ತು. ಮಿಷನ್ನಿಗೆ ಮುಸುಕು. ಅದರ ಪಕ್ಕದಲ್ಲಿ, ಕತ್ತರಿಸುವ ಮೇಜು ಇರಬೇಕಾದ ಜಾಗದಲ್ಲಿ, ಹಾಸಿಗೆ. ಮೂರು ದಿಂಬಿಗೆ ಒರಗಿದ ಭಾವ. ಮಲಗುವ ಕೋಣೆಯ ಬಾಗಿಲು ಮುಚ್ಚಿ, ಧೂಳು ನುಸುಳದಂತೆ ಸಂದಿಗೆ ಒದ್ದೆ ಬಟ್ಟೆ ತುರುಕಿತ್ತು.

“ನಿನ್ನ ತಮ್ಮ ಬಂದ ನೋಡೇ,” ಎಂದ ಭಾವ, ಮಾತಿಗೊಮ್ಮೆ ಉಸಿರು ತೆಗೆದುಕೊಳ್ಳುತ್ತ. “ಭಾವನ ಮನೆ ಗೋಡೆ ಕೆರೆದು... ಓಡಿಹೋಗೋ ಬಾಮೈದನ್ನ... ನಾನು ಇವತ್ತೇ ನೋಡಿದ್ದು.”

ಮೇಸ್ತ್ರಿ ನಗಲು ಹೋದ. ತುಟಿ ಅಂಟಿಕೊಂಡಿತ್ತು.

“ಬನ್ನಿ ಮೇಸ್ತ್ರಿ,” ಎಂದಳು ಅಕ್ಕ. “ಎಂಟು ದಿನ ಆಯ್ತು ಇವರು ಬಂದು. ಮಿಷನ್ ಸದ್ದಿಗೆ ನಿದ್ದೆ ಬರಲ್ಲ, ಅದಕ್ಕೇ ಮುಚ್ಚಿಟ್ಟಿದ್ದೀನಿ.”

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಹೆಂಗಸು: “ಅಕ್ಕಾ, ಮಗಳ ಯೂನಿಫಾರ್ಮ್ ಆಯ್ತಾ?”

ಅಕ್ಕ ಅವಳ ಮುಖ ನೋಡಲಿಲ್ಲ. ಬಾಗಿಲ ಚೌಕಟ್ಟು ನೋಡಿದಳು. “ನಾಳೆ... ನಾಳೆ ಖಂಡಿತ ಕಣಮ್ಮಾ.”

“ನೀವೂ ಹೀಗಂದ್ರೆ ಹೇಗಕ್ಕಾ!”

ಮೇಸ್ತ್ರಿಗೆ ಆ ಧಾಟಿಯ ಗುರುತು ಸಿಕ್ಕಿತು. ಕಣ್ಣು ಚೌಕಟ್ಟಿಗೆ ಹೋಗುವುದು, ‘ಖಂಡಿತ’ದ ಹೊತ್ತಿಗೆ ದನಿ ಇಳಿಯುವುದು, ಎಲ್ಲ ಅವನದೇ. ಇಪ್ಪತ್ತು ವರ್ಷ ಸುಳ್ಳು ಹೇಳದ ಬಾಯಿಗೆ ಅದನ್ನು ಅಂಟಿಸಿದವನು ತಾನು. ಆಗ ಭೂಮಿ ಬಿರಿದಿದ್ದರೆ ಒಂಬತ್ತು ಏಣಿಗಳನ್ನೂ ಒಂದಕ್ಕೊಂದು ಕಟ್ಟಿ ಪಾತಾಳದವರೆಗೆ ಇಳಿದುಹೋಗುತ್ತಿದ್ದ.

“ಅಕ್ಕಾ,” ಎಂದ. “ಪೇಂಟ್ ಈಗ ಆಗಲ್ಲ.”

ಆ ಮೂರಕ್ಷರ ಹೊರಬಿದ್ದದ್ದಕ್ಕೆ ಅವನೇ ಬೆಚ್ಚಿದ. “ವಾಸನೆ ಭಾವಂಗೆ ತಡೆಯಲ್ಲ. ಸುಣ್ಣ ಹೊಡೀತೀನಿ. ಉಳಿದ ಗೋಡೆ ನೀರು ಹಾಕಿ ಕೆರೀತೀನಿ, ಧೂಳು ಏಳಲ್ಲ. ನಾನೇ ಮಾಡ್ತೀನಿ.”

“ಯಾವಾಗ?”

ನಾಲಿಗೆ ಅಭ್ಯಾಸಬಲದಿಂದ ‘ನಾ’ ಎಂದು ಶುರುಮಾಡಿತು. ಅದನ್ನು ಅಲ್ಲೇ ಕಚ್ಚಿ, “ಈಗ,” ಎಂದ.

ಹೊರಗೆ ನಿಂತು ಮಿಕ್ಕ ಎಂಟು ಮನೆಗೂ ಫೋನ್ ಮಾಡಿದ. ಈ ವಾರ ಇಂಥಿಂಥವರಿಗೆ ಆಗುತ್ತೆ, ಇಂಥಿಂಥವರಿಗೆ ಆಗಲ್ಲ, ಬೇಕಿದ್ದರೆ ಬೇರೆಯವರನ್ನು ಕರೆಸಿ, ಏಣಿ ಒಯ್ಯುತ್ತೇನೆ. ಸಾಹೇಬರ ಕೂಗಿಗೆ ತಂತಿಯ ಮೇಲಿದ್ದ ಕಾಗೆಗಳು ಊರು ಬಿಟ್ಟವು. ಇಬ್ಬರು ಬೇರೆ ಮೇಸ್ತ್ರಿಯನ್ನು ಹಿಡಿದರು. ಒಬ್ಬರು ಮಾತ್ರ, “ಮೊದಲೇ ಹೀಗೆ ಹೇಳಬಾರದಿತ್ತೇನಯ್ಯಾ?” ಎಂದರು. ಬೈಗುಳಕ್ಕಿಂತ ಅದೇ ಚುಚ್ಚಿತು.

ಅವನ ಅಪ್ಪ ಸುಣ್ಣ ಹೊಡೆಯುವವನು. ಆ ಮಾತನ್ನು ಮೇಸ್ತ್ರಿ ಗಿರಾಕಿಗಳಿಗೆ ಹೇಳುತ್ತಿರಲಿಲ್ಲ. ಅಪ್ಪನ ನಾರಿನ ಕುಂಚ ಅಟ್ಟದಿಂದ ಇಳಿಯಿತು, ಕೈಬಿಟ್ಟುಹೋದ ಒಂದು ಮನೆಯ ಏಣಿ ಬಂತು. ಹನ್ನೊಂದು ವರ್ಷ ಫೋನನ್ನಷ್ಟೇ ಹಿಡಿದಿದ್ದ ಕೈ ಸುಣ್ಣಕ್ಕೆ ಸುಟ್ಟು ಬಿರಿಯಿತು. ಮೂರು ದಿನ ಹಿಡಿಯಿತು. ಎರಡು ದಿನ ಗಾಳಿಗೆ ಬಿಟ್ಟು, ಗೋಡೆ ಒಣಗಿದ ಮೇಲೆ ಭಾವನ ಹಾಸಿಗೆಯನ್ನು ಒಳಗೆ ಹಾಕಿದರು.

ಭಾವ ಸುತ್ತ ನೋಡಿದ. “ಚೆನ್ನಾಗಿದೆ. ಕ್ಷೌರ ಮಾಡ್ಕೊಳ್ಳೋಕೆ ಮುಖ ಮಾತ್ರ... ಕಾಣ್ತಾ ಇಲ್ಲ.”

ಅವತ್ತು ಅಕ್ಕನೆದುರು ಕೊಚ್ಚಿಕೊಂಡ ಮಾತು ಭಾವನ ಕಿವಿಗೂ ಬಿದ್ದಿತ್ತು. ಮೇಸ್ತ್ರಿ ತಲೆ ತಗ್ಗಿಸಿಕೊಂಡು ಮುಂದಿನ ಕೋಣೆಗೆ ಬಂದ. ಅಕ್ಕ ಮಿಷನ್ನಿನ ಮುಸುಕು ತೆಗೆದು ಸೂಜಿಗೆ ದಾರ ಹಾಕುತ್ತಿದ್ದಳು.

“ಒಂದು ಸಲ ಬೈದುಬಿಡಿ ಅಕ್ಕಾ. ಜೋರಾಗಿ.”

“ಪುರುಸೊತ್ತಿಲ್ಲ ಮೇಸ್ತ್ರಿ,” ಎಂದಳು ದಾರದಿಂದ ಕಣ್ಣು ತೆಗೆಯದೆ. “ಹನ್ನೊಂದು ಜನಕ್ಕೆ ನಾಳೆ ಅಂದಿದ್ದೀನಿ.”

ಮಿಷನ್ ಶುರುವಾಯಿತು. ಮೇಲಿನ ಬಟ್ಟೆಗಳನ್ನು ಇಳಿಸಿ ಏಣಿ ಕೊಡಿ ಎಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ, ಬರಿಗೈಲಿ ನಡೆದ.