ನೆರಡಿ ಬಂದ ವರ್ಷದ ಕಂಪೌಂಡರು

ಮಸ್ಕಿ ಕಡೆಯಿಂದ ನಮ್ಮೂರಿಗೆ ಸೈಕಲ್ ಮೇಲೆ ಬರುತ್ತಿದ್ದ ದನದ ದವಾಖಾನೆಯ ಕಂಪೌಂಡರು ಮೆಲ್ಲಗೆ ಮಾತಾಡುವ ಮನುಷ್ಯ. ಎಂಥ ಬಿಸಿಲಿನಲ್ಲೂ ಅಂಗಿಯ ತೋಳು ಮಡಚುತ್ತಿರಲಿಲ್ಲ. ಹೊಲದಲ್ಲಿ ನಿಂತರೆ ಕಾಲಿನಿಂದ ಮಣ್ಣು ಕೆದಕುತ್ತ, "ಮಣ್ಣು ಏನೂ ಮರೆಯಂಗಿಲ್ರೀ" ಎನ್ನುತ್ತಿದ್ದರು.

ಎಂಬತ್ತರ ದಶಕದ ಕೊನೆಗೆ, ಹಳ್ಳದ ದಂಡೆಯಲ್ಲಿ ಹಿಂದೆ ದನ ಹೂಳುತ್ತಿದ್ದ ಜಾಗವನ್ನು ಕಾಲುವೆಗಾಗಿ ಅಗೆದರು. ಮಳೆಯಾಗಿ ಅಲ್ಲಿ ಹುಲ್ಲು ಚಿಗುರಿತು. ಅದನ್ನು ಮೇಯ್ದ ಗೌಡರ ಎತ್ತು ಒಂದೇ ದಿನದಲ್ಲಿ ಸತ್ತಿತು. ಮೂಗಿನಿಂದ ಕಪ್ಪು ರಕ್ತ ಸೋರುತ್ತಿತ್ತು. ಊರಿನಲ್ಲಿ ಸತ್ತ ದನದ ತೊಗಲು ನಮ್ಮ ಮನೆಯ ಪಾಲು. ಅಪ್ಪ ಕತ್ತಿ ಹಿಡಿದು ಹೋದಾಗ ಕಂಪೌಂಡರು ಅಡ್ಡ ನಿಂತರು.

"ಇದು ನೆರಡಿ ರೋಗ. ಕೊಯ್ದು ಗಾಳಿ ತಾಗಿತಂದ್ರ ರೋಗದ ಹುಳ ಮಣ್ಣಾಗ ಹತ್ತಾರು ವರ್ಷ ಕುಂದರ್ತಾವ."

"ನಮ್ಮಪ್ಪ ಸುಲದಾನ, ನಾನೂ ಸುಲೀತೀನಿ. ಸರೀರಿ."

ಅಪ್ಪ ಮೊಣಕಾಲೂರಿ ಕತ್ತಿಯನ್ನು ಎತ್ತಿನ ಹೊಟ್ಟೆಗೆ ತಂದ. ಕಂಪೌಂಡರು ಆ ಕೈಯನ್ನು ಬಿಗಿಯಾಗಿ ಹಿಡಿದು, ತಮ್ಮ ಇನ್ನೊಂದು ತೋಳಿನ ಅಂಗಿಯನ್ನು ಹಲ್ಲಿನಿಂದ ಮೇಲಕ್ಕೆಳೆದರು. ಮೊಣಕೈ ಕೆಳಗೆ ಕಪ್ಪಾದ ಕುಳಿಯೊಂದಿತ್ತು.

"ನಾನೂ ನಿಮ್ಮಂಗ ಸುಲಿಯೋ ಮನಿಯಾಂವ. ಇಂಥದ ರೋಗದ ಎತ್ತು ಸುಲದು ನಮಗೂ ಹತ್ತಿತ್ತು. ನಾ ಉಳದೆ. ನಮ್ಮಣ್ಣ ಉಳೀಲಿಲ್ಲ."

ಅಪ್ಪನ ಕೈ ಸಡಿಲಾಯಿತು. ಇಬ್ಬರೂ ಗುಂಡಿ ತೋಡತೊಡಗಿದರು. ಗೌಡರು ದೂರದ ಬೇವಿನ ನೆರಳಿನಲ್ಲಿ ನಿಂತಿದ್ದರು. ಗುಂಡಿ ಸೊಂಟಮಟ್ಟ ಆದಾಗ ಕಂಪೌಂಡರು ಮೇಲೆ ಬಂದು ಸಲಿಕೆಯನ್ನು ಗೌಡರ ಮುಂದೆ ಹಿಡಿದರು.

"ಎತ್ತು ನಿಮ್ದು. ಆಳುದ್ದ ತೋಡಬೇಕು."

ಮರುದಿನ ಅವರು ಉಳಿದ ದನಗಳಿಗೆಲ್ಲ ಸೂಜಿ ಹಾಕಿದರು, ಮತ್ತೊಂದು ಸಾಯಲಿಲ್ಲ. ಆದರೆ ಊರು ಬಹಳ ದಿನ ಮಾತಾಡಿಕೊಂಡದ್ದು ಬೇರೆ. ಅವತ್ತು ಗೌಡರು ಧೋತರ ಮೇಲಕ್ಕೆ ಕಟ್ಟಿ ಗುಂಡಿಗಿಳಿದು, ಅಪ್ಪನ ಪಕ್ಕ ನಿಂತು ಕತ್ತಲಾಗುವವರೆಗೆ ತೋಡಿದ್ದರು.